ಕಂಪ್ಲಿಗೆ ಹೊಸ ಸೇತುವೆ ಬಂದರೆ ಎಲ್ಲಿ ಇಳಿಯಬೇಕು? ಊರೊಳಗಾ, ಊರ ಹೊರಗಾ?

ಹೊಳೆದಂಡೆ, ಕಂಪ್ಲಿ

ಮಳೆಗಾಲ ಬಂತಂದ್ರೆ ಇಲ್ಲಿ ನಾವೆಲ್ಲ ಬರೆಯೋದು ಒಂದೇ: ತುಂಗಭದ್ರಾ ಡ್ಯಾಂನಿಂದ ಎಷ್ಟು ನೀರು ಬಿಟ್ಟರು, ಸೇತುವೆ ಮುಳುಗಿತಾ, ಬ್ಯಾರಿಕೇಡ್ ಹಾಕಿದರಾ. ನೀರು ಇಳಿದ ಮೇಲೆ ಮಾತೂ ನಿಂತುಹೋಗುತ್ತೆ. ಹೊಳೆ ಸುಮ್ಮನಿರುವಾಗಲೇ ಒಮ್ಮೆ ಕೂತು ಮಾತಾಡೋಣ ಅಂತ ಇದನ್ನ ಶುರು ಮಾಡ್ತಿದ್ದೀನಿ.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ತುಂಗಭದ್ರೆಯ ಈ ದಂಡೆ ಕಂಪ್ಲಿ, ಬಳ್ಳಾರಿ ಜಿಲ್ಲೆ. ಆ ದಂಡೆ ಚಿಕ್ಕಜಂತಕಲ್, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕು. ಇಲ್ಲಿಂದ ಗಂಗಾವತಿ ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಡ್ಯಾಂ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿತು ಅಂದ್ರೆ ಎಲ್ಲರ ಕಣ್ಣು ಸೇತುವೆ ಮೇಲೆ. ಅದು ಮುಚ್ಚಿದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿ ಹೋಗಬೇಕು, ದೂರ ಎರಡು ಪಟ್ಟಿಗಿಂತ ಜಾಸ್ತಿ.

ಎತ್ತರದ ಹೊಸ ಸೇತುವೆ ಬೇಕು ಅನ್ನೋದರಲ್ಲಿ ಯಾರದೂ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಅದು ಬಂದು ಇಳಿಯೋದು ಎಲ್ಲಿ? ಹಳೆಯದರ ಪಕ್ಕದಲ್ಲೇ ಕಟ್ಟಿ ಅದೇ ರಸ್ತೆಗೆ ಇಳಿಸಿದರೆ ಪ್ರವಾಹದ ಕಾಟ ತಪ್ಪುತ್ತೆ, ಆದರೆ ಊರೊಳಗಿನ ಜಾಮ್ ಈಗಿನದಕ್ಕಿಂತ ಹೆಚ್ಚಾಗುತ್ತೆ ಅಂತ ನನ್ನ ಅನಿಸಿಕೆ. ಸೇತುವೆ ಮುಳುಗೋದು ವರ್ಷದಲ್ಲಿ ಕೆಲವೇ ದಿನ. ಊರೊಳಗಿನ ಸರ್ಕಲ್ ಗಾಡಿಗಳಲ್ಲಿ ಮುಳುಗೋದು ದಿನಾ ಬೆಳಿಗ್ಗೆ ಸಂಜೆ.

ನಿಮ್ಮ ಅಭಿಪ್ರಾಯ ಕಾರಣದ ಸಮೇತ ಹೇಳಿ. ಪಕ್ಷಗಳ ಹೆಸರು ಬೇಡ, ದಯವಿಟ್ಟು.

ಹೊಟ್ಟಿನ ಲಾರಿ

ಅಣ್ಣಾರ, ನಾನು ಗಂಗಾವತಿ ಮಿಲ್ಲಿನಿಂದ ಭತ್ತದ ಹೊಟ್ಟು ತುಂಬ್ಕೊಂಡು ಬಳ್ಳಾರಿ ಕಡಿ ಹೋಗಾಂವ. ಹೊಟ್ಟಿನ ಲಾರಿ ನೋಡೀರಲ್ಲ, ಎರಡೂ ಕಡಿ ಚೀಲದಂಗ ಉಬ್ಬಿರತೈತಿ. ಸೇತುವಿ ಮ್ಯಾಲ ಎದುರಿಗೆ ಬಸ್ ಬಂದ್ರ ಇಬ್ಬರೂ ಕನ್ನಡಿ ಮಡಚಬೇಕು. ಕೊಯ್ಲಿನ ಕಾಲಕ್ಕ ಕಟಾವ್ ಮಷೀನ್ ಎದುರಾದ್ರ ಅದೂ ಇಲ್ಲ, ಒಬ್ಬರು ಹಿಂದಕ್ಕ ಸರೀಲೇಬೇಕು.

ಆದ್ರ ಖರೇ ಹೇಳ್ತೀನಿ, ಸೇತುವಿ ಮ್ಯಾಲ ಕಳಿಯೋ ಟೈಮಿಗಿಂತ ಕಂಪ್ಲಿ ಊರಾಗ ಕಳಿಯೋ ಟೈಮೇ ಹೆಚ್ಚು. ನನಗ ಕಂಪ್ಲಿಯಾಗ ಏನೂ ಕೆಲಸ ಇಲ್ಲ. ಒಂದು ಚಹಾ ಕುಡಿಯಾಕೂ ನಿಲ್ಲಂಗಿಲ್ಲ, ನಿಲ್ಲಿಸಿದ್ರ ಹಿಂದಿನವರು ಹಾರ್ನ್ ಹೊಡೀತಾರ. ನನ್ನಂಥ ಲಾರಿ ಊರಾಗ ಯಾಕ ಬರಬೇಕು? ದಾರಿ ಬ್ಯಾರೆ ಇಲ್ಲ, ಅದಕ್ಕ ಬರ್ತೀವಿ. ಹುಲಿಗಿ, ಮುನಿರಾಬಾದ್ ಮ್ಯಾಲ ಹೊಸಪೇಟಿ ಸುತ್ತಿ ಹೋದ್ರ ಡೀಸೆಲ್ ಯಾರು ಕೊಡ್ತಾರ?

ಹಳೇ ಓವರ್‌ಸೀಯರ್

ನಾನು ನಿವೃತ್ತ. ರಸ್ತೆ, ಸಣ್ಣ ಸೇತುವೆಗಳ ಕೆಲಸ ಮಾಡಿದವನು. ಮೇಲಿನ ಪ್ರಶ್ನೆ ಸರಿಯಾಗಿದೆ. ಅದರೊಳಗೆ ಯಾರೂ ಗಮನಿಸದ ಒಂದು ವಿಷಯ ಇದೆ, ಅದು ಎತ್ತರ.

ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 2830 ಘನ ಮೀಟರ್. 2019ರ ಆಗಸ್ಟಿನಲ್ಲಿ ಡ್ಯಾಂನಿಂದ ಎರಡು ಲಕ್ಷ ಕ್ಯೂಸೆಕ್ ಮೀರಿ ಬಂತು, ಹೊಳೆ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್ ತಂದು ಎತ್ತಬೇಕಾಯಿತು. 3000 ಘನ ಮೀಟರಿಗಿಂತ ಹೆಚ್ಚು ಹರಿವಿರುವ ಹೊಳೆಗೆ ಮಹಾಪೂರದ ಮಟ್ಟದಿಂದ ಸೇತುವೆಯ ತಳದವರೆಗೆ ಕನಿಷ್ಠ 1.5 ಮೀಟರ್ ತೆರವು ಬಿಡಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮ. ಅದರ ಮೇಲೆ ಗರ್ಡರಿನ ದಪ್ಪ, ಅದರ ಮೇಲೆ ಸ್ಲ್ಯಾಬ್. ಹಾಗಾಗಿ ಹೊಸ ಸೇತುವೆಯ ರಸ್ತೆ ಮಟ್ಟ ಈಗಿನದಕ್ಕಿಂತ ಬಹಳ ಮೇಲಿರುತ್ತದೆ.

ಮೇಲೆ ಹೋದದ್ದು ಕೆಳಗೆ ಇಳಿಯಬೇಕಲ್ಲ. ಲೆಕ್ಕಕ್ಕೆಂದು ಐದು ಮೀಟರ್ ಇಳಿಯಬೇಕು ಅಂದುಕೊಳ್ಳಿ. ಬಯಲು ಸೀಮೆಯಲ್ಲಿ 30ಕ್ಕೆ 1ರ ಇಳಿಜಾರು ವಾಡಿಕೆ, ಅಂದರೆ 150 ಮೀಟರ್ ಉದ್ದದ ಮಣ್ಣಿನ ಏರಿ. ಭತ್ತ ತುಂಬಿದ ಟ್ರ್ಯಾಕ್ಟರ್, ಎತ್ತಿನಗಾಡಿ, ಸೈಕಲ್ ಓಡಾಡುವ ಕಡೆ 50ಕ್ಕೆ 1 ಒಳ್ಳೆಯದು, ಆಗ 250 ಮೀಟರ್. ಎತ್ತರ ಏಳು ಮೀಟರ್ ಆದರೆ 350. ಊರಿನ ಬಾಯಲ್ಲೇ ಸೇತುವೆ ಇದ್ದರೆ ಈ ಏರಿ ಮನೆ, ಅಂಗಡಿಗಳ ಮುಂದೆ ಗೋಡೆಯಾಗಿ ನಿಲ್ಲುತ್ತದೆ. ಎರಡೂ ಬದಿಗೆ ಸರ್ವಿಸ್ ರೋಡ್ ಕೊಡಬೇಕು, ಚರಂಡಿ ಕೊಡಬೇಕು, ಅಡ್ಡ ಓಣಿಗಳಿಗೆ ಏರಿಯ ಕೆಳಗೆ ದಾರಿ ಬಿಡಬೇಕು. ಇವಕ್ಕೆ ಜಾಗ ಇಲ್ಲದಿದ್ದರೆ ಕೊನೆಗೆ ಕಡಿದಾದ ಇಳಿಜಾರು ಮಾಡಿ ಮುಗಿಸುತ್ತಾರೆ. ಆಗ ಲೋಡ್ ಲಾರಿಗಳು ಇಳಿದ ವೇಗದಲ್ಲಿ ನೇರ ಸರ್ಕಲ್ಲಿಗೆ ನುಗ್ಗುತ್ತವೆ.

ಹಾಗಾಗಿ "ಪಕ್ಕದಲ್ಲೇ ಕಟ್ಟಿದರೆ ಅಗ್ಗ" ಅಂತ ಜನ ಸಾಮಾನ್ಯವಾಗಿ ಹೇಳುವುದು ನದಿಯ ಮೇಲಿನ ಭಾಗಕ್ಕೆ ಮಾತ್ರ ನಿಜ. ದಂಡೆಗೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ.

ಪೇಟೆ ಅಂಗಡಿ

ಊರ ಹೊರಗೆ ಇಳಿಸೋಣ ಅಂದರೆ ಬೈಪಾಸ್ ಅಂತಲೇ ಅರ್ಥ. ಬೈಪಾಸ್ ಆದ ಊರುಗಳಲ್ಲಿ ಪೇಟೆ ಏನಾಗಿದೆ ನೋಡಿದ್ದೀರಾ? ಗಂಗಾವತಿ, ಬಳ್ಳಾರಿ ಬಸ್ಸು ಹೊರಗಿಂದ ಹೊರಗೆ ಹೋದರೆ ನಮ್ಮ ಹೋಟೆಲ್, ಹಣ್ಣಿನ ಗಾಡಿ, ಮೊಬೈಲ್ ಅಂಗಡಿ, ಎಲ್ಲದಕ್ಕೂ ಬೀಗ. ಸಕ್ಕರೆ ಕಾರ್ಖಾನೆ ನಿಂತಾಗಲೇ ಊರಿನ ವ್ಯಾಪಾರ ಒಂದು ಸಲ ಕುಸಿದಿದೆ.

ಹೊಳೆದಂಡೆ, ಕಂಪ್ಲಿ

ಅಂಗಡಿಯವರೇ, ಬಸ್ಸನ್ನ ಹೊರಗೆ ಕಳಿಸಿ ಅಂತ ನಾನು ಎಲ್ಲೂ ಬರೆದಿಲ್ಲ. ಹೊಟ್ಟಿನ ಲಾರಿಯವರು ಏನು ಹೇಳಿದರು ನೋಡಿ: ಊರಲ್ಲಿ ಕೆಲಸ ಇಲ್ಲ, ಚಹಾಕ್ಕೂ ನಿಲ್ಲಲ್ಲ. ಅಂಥ ಗಾಡಿಯಿಂದ ನಿಮಗೆ ಬರೋದು ಧೂಳು ಬಿಟ್ಟರೆ ಏನು? ಬಸ್ಸು ಊರೊಳಗೇ ಬರಲಿ. ಲೋಡ್ ಗಾಡಿ ಹೊರಗಿಂದ ಹೋಗಲಿ.

ಪೇಟೆ ಅಂಗಡಿ

ಕಾಗದದ ಮೇಲೆ ಚೆನ್ನಾಗಿದೆ. ಹೊರಗೆ ಒಳ್ಳೆ ರಸ್ತೆ ಆದ ಮೇಲೆ ಯಾವ ಡ್ರೈವರ್ ಒಳಗೆ ಬರ್ತಾನೆ? "ಕಂಪ್ಲಿ ಕ್ರಾಸ್ ಇಳೀರಿ" ಅಂತಾನೆ. ಅಲ್ಲಿಂದ ಆಟೋದವನಿಗೆ ದುಡ್ಡು ಕೊಟ್ಟು ಊರಿಗೆ ಬರಬೇಕು. ಬೇರೆ ಊರುಗಳಲ್ಲಿ ಆಗಿದೆ, ಇಲ್ಲೂ ಆಗುತ್ತೆ.

ಹೊಟ್ಟಿನ ಲಾರಿ

ಅದು ಮಾತ್ರ ಖರೇ ಐತಿ. ನಾನ್‌ಸ್ಟಾಪ್ ಬಸ್ಸಿನವರು ಒಳಗ ಬರಂಗಿಲ್ಲ.

ಗದ್ದೆ ಮನುಷ್ಯ

ಕಂಪ್ಲಿ ಸುತ್ತ ಬೈಪಾಸ್ ಅಂದ್ರ ಯಾರ ಹೊಲದಾಗ ಹೋಗತೈತಿ ಅಂತ ಯಾರೂ ಕೇಳವಲ್ರಿ. ಇಲ್ಲಿ ಬೀಳು ಭೂಮಿ ಎಲ್ಲೈತಿ ತೋರಸ್ರಿ. ವಿಜಯನಗರ ಅರಸರ ಕಾಲದ ಕಾಲುವಿ ನೀರು ಇವತ್ತಿಗೂ ಕುಡಿಯೋ ಗದ್ದಿ ಇವು. ಎರಡು ಬೆಳಿ ಭತ್ತ, ಇಲ್ಲಾಂದ್ರ ಬಾಳಿ, ಕಬ್ಬು. 2013ರ ಕಾಯ್ದಿ ಪ್ರಕಾರ ಮಾರುಕಟ್ಟಿ ಬೆಲಿ ಮ್ಯಾಲ ಅಷ್ಟೇ ಮೊತ್ತದ ಪರಿಹಾರಧನ ಸೇರಿಸಿ ಕೊಡ್ತಾರ, ಗೊತ್ತೈತಿ. ಆದ್ರ ಸಬ್ ರಿಜಿಸ್ಟ್ರಾರ್ ಪುಸ್ತಕದಾಗಿನ ಬೆಲಿಗೂ ಊರಾಗ ನಡಿಯೋ ಬೆಲಿಗೂ ಎಷ್ಟು ಅಂತರ ಐತಿ ಅನ್ನೋದೂ ಎಲ್ಲಾರಿಗೂ ಗೊತ್ತೈತಿ.

ಇನ್ನೊಂದು. ರಸ್ತಿ ಹೊಲದ ನಡುವ ಹೋದ್ರ ಬರೇ ಅಗಲದಷ್ಟೇ ಭೂಮಿ ಹೋಗಂಗಿಲ್ಲ. ಹೊಲ ಎರಡು ತುಂಡಾಕ್ಕಾವ. ಮ್ಯಾಲಿನ ಮಡಿಯಿಂದ ಕೆಳಗಿನ ಮಡಿಗೆ ನೀರು ಇಳಿಯೋ ದಾರಿ ಕಟ್ಟಾಕ್ಕೈತಿ. ಒಂದು ಪೈಪ್ ಹಾಕಿ ಹೋಗ್ತಾರ, ಎರಡನೇ ವರ್ಷಕ್ಕ ಅದು ಹೂಳು ತುಂಬಿ ಮುಚ್ಚತೈತಿ. ಆಮ್ಯಾಲೆ ಒಂದು ಕಡಿ ಗದ್ದಿ ಕೊಳಿತೈತಿ, ಇನ್ನೊಂದು ಕಡಿ ಒಣಗತೈತಿ. ರಸ್ತಿ ಬ್ಯಾಡ ಅಂತಲ್ಲ. ಈ ಮಾತು ನಕ್ಷಿ ಬರಿಯೋದಕ್ಕಿಂತ ಮೊದಲು ಆಗಬೇಕು.

ಹಳೇ ಓವರ್‌ಸೀಯರ್

ಗದ್ದೆಯವರ ಎರಡನೇ ಮಾತು ರಸ್ತೆಗೂ ಅಷ್ಟೇ ಮುಖ್ಯ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರ ಜಲ್ಲಿ ಹಾಸಿದರೆ ಎರಡು ಮಳೆಗಾಲ ಬಾಳುವುದಿಲ್ಲ. ಮೇಲ್ಮಣ್ಣು ತೆಗೆದು ಗರಸು ತುಂಬಬೇಕು ಅಥವಾ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ಗದ್ದೆಯಲ್ಲಿ ನೀರು ನಿಲ್ಲುವ ಕಡೆ ರಸ್ತೆಯ ಅಡಿಪದರ ನೀರಿನ ಮಟ್ಟಕ್ಕಿಂತ ಕನಿಷ್ಠ 0.6 ಮೀಟರ್ ಮೇಲಿರಬೇಕು. ಅಂದರೆ ಉದ್ದಕ್ಕೂ ಏರಿ, ಮೇಲಿಂದ ಮೇಲೆ ಮೋರಿ. ಕಾಲುವೆ ದಾಟುವ ಕಡೆ ನೀರು ನಿಲ್ಲಿಸಿದ ದಿನಗಳಲ್ಲೇ ಕೆಲಸ ಮುಗಿಸಬೇಕು. ಸಣ್ಣ ಬೈಪಾಸ್ ಕೂಡ ಇಲ್ಲಿ ಸಣ್ಣ ಖರ್ಚಲ್ಲ.

ಸಿಬಿಎಸ್ ಸರ್ಕಲ್, ಗಂಗಾವತಿ

ನೀವು ಕಂಪ್ಲಿಯವರು ನಿಮ್ಮ ದಂಡೆ ಬಗ್ಗೆ ಮಾತ್ರ ಮಾತಾಡ್ತಿದ್ದೀರಿ. ಅಗಲದ ಸೇತುವೆ ಆದರೆ ಈಗ ಸುತ್ತಿ ಹೋಗೋ ಗಾಡಿಗಳೂ ಇದೇ ದಾರಿ ಹಿಡೀತಾವೆ. ಅವು ಬಂದು ಬೀಳೋದು ನಮ್ಮ ಮೇಲೆ. 2011ರ ಜನಗಣತಿಯಲ್ಲೇ ಗಂಗಾವತಿ ಒಂದು ಲಕ್ಷ ದಾಟಿತ್ತು, ರಸ್ತೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಭತ್ತದ ಸೀಸನ್ನಿನಲ್ಲಿ ಮಿಲ್ಲುಗಳ ಮುಂದೆ ಟ್ರ್ಯಾಕ್ಟರ್ ಸಾಲು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಇದರ ಜೊತೆ ಅಂಜನಾದ್ರಿ ಬೇರೆ. ಶನಿವಾರ, ರಜಾ ದಿನ ಆನೆಗೊಂದಿ ರಸ್ತೆ ಹಿಡಿದರೆ ಮುಗೀತು. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಗೆ ಬರೋ ಜನ ನೋಡಿದರೆ ಬುಕ್ಕಸಾಗರ–ಕಡೇಬಾಗಿಲು ದಾರಿ ಕಂಪ್ಲಿ ಸೇತುವೆಗೆ "ಪರ್ಯಾಯ" ಅನ್ನೋ ಮಾತೇ ತಮಾಷೆ. ಪ್ರವಾಸಿಗರ ಕಾರು, ಟೆಂಪೊ ಟ್ರಾವೆಲರ್, ಅದರ ನಡುವೆ ಹೊಟ್ಟಿನ ಲಾರಿ. ಆ ದಾರಿ ಇರೋದೇ ಇಕ್ಕಟ್ಟು.

ಆನೆಗೊಂದಿ ಬಳಿ

ಹೌದು. ಸೇತುವೆ ಎಲ್ಲಿ ಇಳಿಯಬೇಕು ಅನ್ನೋ ಪ್ರಶ್ನೆಗೆ ನಮ್ಮ ಕಡೆ ದೊಡ್ಡ ಪಾಠ ಇದೆ. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಆನೆಗೊಂದಿ ಸೇತುವೆ. ಹಂಪಿ ಸ್ಮಾರಕಗಳ ನಡುವೆ ಭಾರಿ ವಾಹನ ತರುತ್ತೆ ಅಂತ ಆಕ್ಷೇಪ ಬಂತು, 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹಾಕಿತು, ಕೆಲಸ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಸೇತುವೆ ಕಾಮಗಾರಿ ಹಂತದಲ್ಲೇ ಕುಸಿದುಬಿತ್ತು, ಕೂಲಿಕಾರರು ಸತ್ತರು. ಆ ಜಾಗ ಬಿಟ್ಟು ಕೆಳಗೆ ಕಡೇಬಾಗಿಲಿನಲ್ಲಿ ಸೇತುವೆ ಆಗೋವರೆಗೂ ನಮಗೆ ಹರಿಗೋಲು, ದೋಣಿಯೇ ಗತಿ. ಜಾಗದ ತಕರಾರು ಮೊದಲೇ ತೀರಿಸಿಕೊಳ್ಳದಿದ್ದರೆ ಹೀಗೆ ಒಂದು ತಲೆಮಾರು ಹೋಗುತ್ತೆ.

ಬೆಂಗಳೂರಲ್ಲಿರೋ ಕಂಪ್ಲಿ ಹುಡುಗ

ಸರ್ಕಲ್ಲಿಗೆ ಒಂದು ಸಿಗ್ನಲ್ ಹಾಕಿದರೆ ಅರ್ಧ ಸಮಸ್ಯೆ ಹೋಗಲ್ವಾ? ಇಷ್ಟುದ್ದ ಚರ್ಚೆ ಯಾಕೆ?

ಹೊಟ್ಟಿನ ಲಾರಿ

ತಮ್ಮಾ, ಸಿಗ್ನಲ್ ಕಂಬದ ಕೆಳಗ ಬಾಳಿಹಣ್ಣಿನ ಗಾಡಿ ನಿಂತಿರತೈತಿ. ಹಸಿರು ಬಿದ್ರೂ ಹೋಗಾಕ ಜಾಗ ಎಲ್ಲಿ?

ಹಳೇ ಓವರ್‌ಸೀಯರ್

ಸಿಗ್ನಲ್ ಕೆಲಸ ಮಾಡಬೇಕಾದರೆ ಸಾಲು ನಿಲ್ಲಲು ಜಾಗ ಬೇಕು, ಎಡಕ್ಕೆ ತಿರುಗುವವರಿಗೆ ದಾರಿ ಬೇಕು. ಹೊಸಪೇಟೆ, ಕುರುಗೋಡು, ಸಿರುಗುಪ್ಪ ಕಡೆಯ ರಸ್ತೆಗಳು ಬಂದು ಸೇರುವ ಕಡೆ ಬಸ್ಸು ನಡುರಸ್ತೆಯಲ್ಲೇ ನಿಂತು ಜನ ಹತ್ತಿಸಿದರೆ ದೀಪ ಬರೀ ಅಲಂಕಾರ.

ಸುಧಾ ಕ್ರಾಸ್ ಕಡೆಯವನು, ಬಳ್ಳಾರಿ

ಒಂದು ಮಾತು ಸೇರಿಸ್ತೀನಿ. ರೈಲ್ವೆ ಗೇಟಿನ ಮೇಲೆ ಮೇಲ್ಸೇತುವೆ ಕೇಳಬೇಕಾದರೆ ಒಂದು ಲೆಕ್ಕ ಕೇಳ್ತಾರೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಎರಡನ್ನೂ ಗುಣಿಸಿ. ಅದು ಒಂದು ಲಕ್ಷ ದಾಟಿದರೆ ರೈಲ್ವೆ ಖರ್ಚಿನಲ್ಲಿ ಪಾಲು ಹಾಕುತ್ತೆ. ಅದಿರು ರೈಲು ಹೋಗೋವರೆಗೂ ಗೇಟಿನ ಮುಂದೆ ಕಾಯ್ದವರಿಗೆಲ್ಲ ಆ ಲೆಕ್ಕ ಬಾಯಿಪಾಠ. ಹೊಳೆ ಸೇತುವೆಗೆ ಅಂಥ ಒಂದೇ ಗೆರೆ ಇಲ್ಲದಿರಬಹುದು. ಆದರೆ ಮನವಿ ಹಿಡಿದು ಹೋದಾಗ "ಬಹಳ ಟ್ರಾಫಿಕ್ ಇದೆ ಸಾರ್" ಅಂದರೆ ತಲೆ ಆಡಿಸಿ ಕಳಿಸ್ತಾರೆ. ಅಂಕಿ ಇಟ್ಟರೆ ಕೂರಿಸಿ ಮಾತಾಡ್ತಾರೆ. ನಿಮ್ಮ ಹತ್ತಿರ ಅಂಕಿ ಇದೆಯಾ?

ಹೊಳೆದಂಡೆ, ಕಂಪ್ಲಿ

ಇಲ್ಲ. ಅದನ್ನೇ ಕೇಳಬೇಕಂತಿದ್ದೆ. ಎಣಿಸೋದು ಹೇಗೆ?

ಹಳೇ ಓವರ್‌ಸೀಯರ್

ಎಣಿಕೆಗೂ ಒಂದು ಪದ್ಧತಿ ಇದೆ, ಮನಸ್ಸಿಗೆ ಬಂದ ದಿನ ನಿಂತು ಎಣಿಸಿದರೆ ಯಾರೂ ಒಪ್ಪುವುದಿಲ್ಲ. ಊರ ಹೊರಗಿನ ರಸ್ತೆಗಳಿಗೆ ವರ್ಷಕ್ಕೆ ಎರಡು ಸಲ, ಒಂದೊಂದು ಸಲವೂ ಏಳು ದಿನ, ಹಗಲೂ ರಾತ್ರಿ. ಒಂದು ಸಲ ಕೊಯ್ಲು, ಮಾರಾಟದ ಭರಾಟೆಯಲ್ಲಿ, ಇನ್ನೊಂದು ಸಲ ಬಿಡುವಿನ ಕಾಲದಲ್ಲಿ. ನಮ್ಮ ಭಾಗಕ್ಕೆ ಈ ನಿಯಮ ಹೇಳಿ ಮಾಡಿಸಿದಂತಿದೆ.

ಎಣಿಸಿದ್ದನ್ನು ಕಾರಿನ ಲೆಕ್ಕಕ್ಕೆ ತರುತ್ತಾರೆ. ಕಾರು 1, ಬೈಕು 0.5, ಲಾರಿ ಅಥವಾ ಬಸ್ಸು 3, ಟ್ರೈಲರ್ ಹೂಡಿದ ಟ್ರ್ಯಾಕ್ಟರ್ 4.5, ದೊಡ್ಡ ಎತ್ತಿನಗಾಡಿ 8. ಅಂದರೆ ಭತ್ತದ ನೂರು ಟ್ರ್ಯಾಕ್ಟರ್ 450 ಕಾರಿಗೆ ಸಮ. ನಮ್ಮಲ್ಲಿ ವಾಹನ ಸಂಖ್ಯೆ ನೋಡಿ "ಅಷ್ಟೇನಿಲ್ಲ" ಅನ್ನುವವರು ಇದನ್ನು ಮರೆಯುತ್ತಾರೆ. ಬಯಲಿನ ಒಂಟಿ ಲೇನ್ ರಸ್ತೆಗೆ ದಿನಕ್ಕೆ 2000, 5.5 ಮೀಟರ್ ಅಗಲದ ಮಧ್ಯಮ ಲೇನಿಗೆ 6000, ಎರಡು ಲೇನಿಗೆ 15000 ಇಂಥ ಘಟಕಗಳು ಅಂತ ಮಾನದಂಡ. ನಿಮ್ಮ ಎಣಿಕೆ ಇದರಲ್ಲಿ ಎಲ್ಲಿ ಕೂರುತ್ತದೆ ಎಂದು ತೋರಿಸಿದರೆ ಅರ್ಧ ವಾದ ಗೆದ್ದಂತೆ.

ಆದರೆ ಸೇತುವೆ ಎಲ್ಲಿ ಇಳಿಯಬೇಕು ಎಂಬ ಮೂಲ ಪ್ರಶ್ನೆಗೆ ಇಷ್ಟು ಸಾಲದು. ಗಾಡಿ ನಿಲ್ಲಿಸಿ ಕೇಳಬೇಕು: ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗ್ತೀರಿ, ಕಂಪ್ಲಿಯಲ್ಲಿ ಇಳಿಸೋದು, ಹತ್ತಿಸೋದು ಇದೆಯಾ? ನೂರರಲ್ಲಿ ಎಪ್ಪತ್ತು ಗಾಡಿ ಕಂಪ್ಲಿಗೇ ಬರುವಂಥವಾದರೆ ಬೈಪಾಸ್ ಕಟ್ಟಿಯೂ ಪೇಟೆಯ ಜಾಮ್ ತೀರುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಎಪ್ಪತ್ತು ಗಾಡಿ ಹಾದುಹೋಗುವಂಥವಾದರೆ ಪಕ್ಕದಲ್ಲೇ ಸೇತುವೆ ಕಟ್ಟುವುದು ತಪ್ಪು. ಇದು ಗೊತ್ತಿಲ್ಲದೆ ನಾವು ಇಲ್ಲಿ ಎಷ್ಟು ಬರೆದರೂ ಊಹೆಯೇ.

ಚಿಕ್ಕಜಂತಕಲ್ ಸಿಸ್ಟರ್

ನನ್ನದು ಚಿಕ್ಕ ವಿಷಯ. ಹೊಸದು ಆದ ಮೇಲೆ ಹಳೇ ಸೇತುವೆ ಒಡೀತಾರಾ? ನಮ್ಮೂರಿನ ಹೆಣ್ಮಕ್ಕಳು ಎಷ್ಟೋ ಜನ ನಡೆದುಕೊಂಡೇ ಕಂಪ್ಲಿಗೆ ಹೋಗಿ ಬರ್ತಾರೆ. ಈಗಿನದರಲ್ಲಿ ಲಾರಿ ಬಂದರೆ ಕಟಕಟೆಗೆ ಅಂಟಿಕೊಂಡು ನಿಲ್ಲಬೇಕು. ಹೊಸದು ಊರಿಂದ ದೂರ ಹೋದರೆ ನಡೆಯೋರಿಗೆ ಅದರಿಂದ ಉಪಯೋಗ ಇಲ್ಲ. ಮಳೆಗಾಲದಲ್ಲಿ ಹೆರಿಗೆ ನೋವಿನವರನ್ನ ಕರಕೊಂಡು ಹೋಗೋಕೆ ಮಾತ್ರ ಎತ್ತರದ್ದು ಬೇಕೇ ಬೇಕು.

ಹಳೇ ಓವರ್‌ಸೀಯರ್

ಒಳ್ಳೆಯ ಪ್ರಶ್ನೆ. ಹಳೆಯದನ್ನು ಉಳಿಸಿ ಬೈಕು, ಸೈಕಲ್, ನಡೆಯುವವರಿಗೆ ಬಿಡಬಹುದು. ಆದರೆ ಹೊಸದು ಪಕ್ಕದಲ್ಲೇ ಬಂದರೆ ಎರಡರ ಕಂಬಗಳೂ ಒಂದೇ ಸಾಲಿನಲ್ಲಿರಬೇಕು. ಅಡ್ಡಾದಿಡ್ಡಿ ಆದರೆ ನೀರು ಕಂಬದಿಂದ ಕಂಬಕ್ಕೆ ಬಡಿದು ಸುಳಿಯಾಗಿ ಬುಡ ಕೊರೆಯುತ್ತದೆ. ತಗ್ಗಿನ ಹಳೆ ಸೇತುವೆಗೆ ಜಲಕಳೆ, ಮರದ ಬೊಡ್ಡೆ ಸಿಕ್ಕಿಕೊಂಡು ಮೇಲ್ಗಡೆ ನೀರು ಏರುವುದೂ ಇದೆ. ಸಾಕಷ್ಟು ದೂರದಲ್ಲಿ ಹೊಸದು ಬಂದರೆ ಈ ಎರಡರಲ್ಲಿ ಮೊದಲನೆಯ ತಲೆನೋವು ಇಲ್ಲ.

ಪೇಟೆ ಅಂಗಡಿ

ಹಳೇದು ನಡೆಯೋರಿಗೆ, ಬೈಕಿಗೆ ಉಳಿದರೆ ಪೇಟೆಗೆ ಬರೋ ಗಿರಾಕಿ ಬಂದೇ ಬರ್ತಾರೆ. ಹಾಗಾದರೆ ನನ್ನ ವಿರೋಧ ಕಡಿಮೆ. ಬಸ್ಸಿನ ವಿಷಯ ಮಾತ್ರ ಬಿಡಲ್ಲ. ಒಳಗೆ ಬರಲೇಬೇಕು ಅಂತ ಬರವಣಿಗೆಯಲ್ಲಿ ಬೇಕು.

ಹೊಳೆದಂಡೆ, ಕಂಪ್ಲಿ

ಸೇತುವೆ ಆಗೋವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಭಾರಿ ವಾಹನಕ್ಕೆ ಹೊತ್ತು ಗೊತ್ತುಮಾಡಬಹುದು. ಶಾಲೆ ಬಿಡೋ ಹೊತ್ತು, ಬೆಳಗಿನ ಹೊತ್ತು ಲೋಡ್ ಲಾರಿ ಸೇತುವೆಯ ಎರಡೂ ತುದಿಯಲ್ಲಿ ನಿಲ್ಲಲಿ. ಒಂದು ತುದಿ ಬಳ್ಳಾರಿ ಜಿಲ್ಲಾಡಳಿತದ್ದು, ಇನ್ನೊಂದು ಕೊಪ್ಪಳದ್ದು. ಇಬ್ಬರೂ ಒಂದೇ ಹೊತ್ತು ಇಟ್ಟರೆ ಮಾತ್ರ ನಡೆಯುತ್ತೆ, ಇಲ್ಲಾಂದ್ರೆ ಆ ಕಡೆ ಬಿಟ್ಟದ್ದು ಈ ಕಡೆ ಬಂದು ನಿಲ್ಲುತ್ತೆ. ಪೇಟೆಯಲ್ಲಿ ಸರಕು ಇಳಿಸೋದು ರಾತ್ರಿ ಅಥವಾ ನಸುಕಿಗೆ. ಬಸ್ಸು ನಿಲ್ಲೋ ಜಾಗ ಸರ್ಕಲ್ಲಿನಿಂದ ಸ್ವಲ್ಪ ಮುಂದಕ್ಕೆ.

ಹೊಟ್ಟಿನ ಲಾರಿ

ನಿಲ್ಲಿಸ್ತೀರಿ ಅಂದ್ರ ನಿಲ್ಲಾಕ ಜಾಗ ಕೊಡ್ರಿ. ನೆರಳು, ನೀರು, ಸಂಡಾಸ. ರಸ್ತಿ ಬದಿಗೆ ಸಾಲಾಗಿ ನಿಂದರಸಿದ್ರ ಅದೂ ಒಂದು ಜಾಮೇ ಅಲ್ಲೇನ್ರಿ.

ಪೇಟೆ ಅಂಗಡಿ

ನಸುಕಿಗೆ ಸರಕು ಇಳಿಸೋಕೆ ಹಮಾಲರು ಹೆಚ್ಚು ಕೂಲಿ ಕೇಳ್ತಾರೆ. ಅದೂ ಲೆಕ್ಕಕ್ಕಿರಲಿ.

ಸಿಬಿಎಸ್ ಸರ್ಕಲ್, ಗಂಗಾವತಿ

ಎಣಿಕೆ ಮಾಡೋದಾದರೆ ಕಂಪ್ಲಿ ತುದಿ ಮಾತ್ರ ಸಾಲದು. ಗಂಗಾವತಿ ಒಳಗೆ ಬರೋ ಕಂಪ್ಲಿ ರಸ್ತೆ, ಆನೆಗೊಂದಿ ರಸ್ತೆ ಎರಡರಲ್ಲೂ ಒಂದೇ ವಾರ ಎಣಿಸಬೇಕು. ಕಾಲೇಜು ಹುಡುಗರನ್ನ ನಾನು ಒಪ್ಪಿಸ್ತೀನಿ. ಗಾಡಿ ನಿಲ್ಲಿಸಿ ಕೇಳೋ ಕೆಲಸ ಮಾತ್ರ ನಮ್ಮಿಂದ ಆಗಲ್ಲ, ಅದಕ್ಕೆ ಪೊಲೀಸರು ಬೇಕು.

ಹೊಟ್ಟಿನ ಲಾರಿ

ಲಾರಿಯವರನ್ನ ರಸ್ತಿಮ್ಯಾಗ ನಿಲ್ಲಿಸಿ ಕೇಳೂದು ಬ್ಯಾಡ್ರಿ, ಸುಳ್ಳು ಹೇಳ್ತಾರ. ಮಿಲ್ಲಿನ ವೇಬ್ರಿಜ್, ಅಂದ್ರ ಲಾರಿ ತೂಗೋ ಕಾಟಾ, ಅದರ ಹತ್ರ ಕೇಳ್ರಿ, ಅಲ್ಲಿ ಚೀಟಿ ಇರತೈತಿ, ಎಲ್ಲಿಗೆ ಹೊಂಟೈತಿ ಅಂತ ಬರದಿರತೈತಿ. ನಾ ನಾಕು ಮಿಲ್ಲಿನವರ ಜೋಡಿ ಮಾತಾಡ್ತೀನಿ.

ಗದ್ದೆ ಮನುಷ್ಯ

ಎಣಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾಟಿ ಟೈಮಿನಾಗ ಎಣಿಸಿ "ಟ್ರ್ಯಾಕ್ಟರ್ ಕಡಿಮಿ ಅದಾವು" ಅಂತ ಬರೀಬ್ಯಾಡ್ರಿ. ಮುಂಗಾರಿ ಭತ್ತ ಕೊಯ್ಲು ಶುರುವಾಗಿ ಒಂದು ವಾರ ಆದಮ್ಯಾಲೆ ನಿಂದರ್ರಿ. ಮತ್ತ ಬೈಪಾಸ್ ಅಂತ ಯಾವ ನಕ್ಷಿ ಬಂದ್ರೂ ಸರ್ವೆ ನಂಬರ್ ಸಮೇತ ಮೊದಲು ಇಲ್ಲಿ ಹಾಕ್ರಿ. ಕಾಲುವಿ ನೀರಿನ ಸರದಿ ನೋಡಾಕ ಹೆಂಗೂ ಎಲ್ಲಾರೂ ಮೊಬೈಲ್ ಹಿಡಕೊಂಡೇ ಇರ್ತಾರ, ಹೊಲ ಹೋಗೋರು ಅದನ್ನೂ ನೋಡ್ಕೋತಾರ.

ಹೊಳೆದಂಡೆ, ಕಂಪ್ಲಿ

ಹಾಗಾದರೆ ಕೊಯ್ಲು ಶುರುವಾದ ಎರಡನೇ ವಾರ. ಸೇತುವೆಯ ಈ ತುದಿ ನಮ್ಮದು, ಆ ತುದಿಗೆ ಚಿಕ್ಕಜಂತಕಲ್ಲಿನವರು ಯಾರಾದರೂ ಹೆಸರು ಕೊಡಿ. ರಾತ್ರಿ ಪಾಳಿಗೆ ಇನ್ನೂ ಯಾರೂ ಸಿಕ್ಕಿಲ್ಲ.